ಸರ್ಕಾರದ ಅಧ್ಯಯನಗಳು ಯಾರ ಕೈಯಲ್ಲಿರಬೇಕು? ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ರಾಜ್ಯದ ಸಂಶೋಧನಾ ಸಂಸ್ಥೆಗಳಿಗೆ ಸ್ಥಿರ ಅನುದಾನ ಮತ್ತು ಸರ್ಕಾರಿ ಹಣದಲ್ಲಿ ನಡೆಯುವ ಅಧ್ಯಯನಗಳ ಪ್ರಕಟಣೆ ಕುರಿತು

ಮಾನ್ಯರೇ,

2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ಎದ್ದ ವಿವಾದ ತಮಗೆ ನೆನಪಿರುತ್ತದೆ. ಕೆಲವು ಮಠಾಧೀಶರು ವಿರೋಧಿಸಿದರು, ಹಲವು ಸಂಘಟನೆಗಳೂ ಶಾಲಾ ಮಕ್ಕಳೂ ಮೊಟ್ಟೆ ಬೇಕೇ ಬೇಕು ಎಂದರು, ಮತ್ತು ಆ ಚರ್ಚೆ ಬಹುಮಟ್ಟಿಗೆ ನಂಬಿಕೆ ಮತ್ತು ರೂಢಿಯ ನೆಲೆಯಲ್ಲೇ ನಡೆಯಿತು. ಅದರ ನಡುವೆ ಗದಗದ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಕೊಡುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ, ಅಳೆದು, ಹೋಲಿಸಿ ನೋಡಿದರು. ಮೊಟ್ಟೆ ತಿಂದ ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ ಬೆಳವಣಿಗೆ ಉತ್ತಮವಾಗಿದೆ ಎಂಬುದು ಆ ಅಧ್ಯಯನದಿಂದ ತಿಳಿಯಿತು. 2022ರಲ್ಲಿ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ವಿಸ್ತರಣೆಯಾಯಿತು.

ಎರಡು ಜಿಲ್ಲೆಗಳ ಹೋಲಿಕೆಯೊಂದರಿಂದಲೇ ಇದು ಮೊಟ್ಟೆಯ ಪರಿಣಾಮ ಎಂದು ಹೇಳಿಬಿಡಬಹುದೇ ಎಂದು ನನ್ನಂಥ ಅರ್ಥಶಾಸ್ತ್ರದ ಮೇಷ್ಟ್ರು ತಕರಾರು ತೆಗೆಯಬಹುದು. ತೆಗೆಯಲಿ. ಫಲಿತಾಂಶ ಪತ್ರಿಕೆಗಳಲ್ಲಿ ಬಂದದ್ದರಿಂದಲೇ ಆ ತಕರಾರಿಗೆ ಅವಕಾಶವಾಯಿತು, ಮತ್ತು ಸರ್ಕಾರದ ತೀರ್ಮಾನಕ್ಕೆ ಯಾರು ಬೇಕಾದರೂ ಪರಿಶೀಲಿಸಬಹುದಾದ ಒಂದು ಆಧಾರ ಸಿಕ್ಕಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಹೋಲಿಸಿದರೆ ಚಿಕ್ಕದಾದ, 2016ರ ಕಾಯ್ದೆಯಿಂದ ಹುಟ್ಟಿದ ಒಂದು ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯ ಮಾಡಿದ ಕೆಲಸವದು. ನಮ್ಮ ರಾಜ್ಯದಲ್ಲಿ ಇಂಥದ್ದು ಏಕೆ ಇಷ್ಟು ಅಪರೂಪ ಎಂಬುದೇ ಈ ಪತ್ರದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಧ್ಯಯನವನ್ನು ಕೇಳುವುದು, ಅದಕ್ಕೆ ಹಣ ಕೊಡುವುದು, ಅದಕ್ಕೆ ಬೇಕಾದ ಅಂಕಿಅಂಶಗಳನ್ನು ಒದಗಿಸುವುದು, ಕರಡನ್ನು ಒಪ್ಪುವುದು, ಕೊನೆಗೆ ಪ್ರಕಟಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು, ಈ ಐದೂ ಅಧಿಕಾರಗಳು ಅಧ್ಯಯನಕ್ಕೆ ಒಳಗಾಗುವ ಇಲಾಖೆಯ ಕೈಯಲ್ಲೇ ಇರುವವರೆಗೆ ನಾವು ಎಷ್ಟು ಸಂಸ್ಥೆಗಳನ್ನು ಕಟ್ಟಿದರೂ ನೀತಿಗೆ ಅವುಗಳಿಂದ ಆಗುವ ಉಪಯೋಗ ಅಲ್ಪ.

ಸಂಸ್ಥೆಗಳ ಕೊರತೆಯಂತೂ ನಮಗಿಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಶಿಕ್ಷಣ, ಕೈಗಾರಿಕೆಗಳಿಗೆ ಪ್ರತ್ಯೇಕ ಸಮಿತಿಗಳನ್ನು ಮಾಡಿ, ಅಧಿಕಾರಿಗಳನ್ನೂ ಸಾರ್ವಜನಿಕರನ್ನೂ ಒಂದೆಡೆ ಕೂರಿಸಿ ರಾಜ್ಯದ ಸ್ಥಿತಿಗತಿಯನ್ನು ಚರ್ಚಿಸುವ ಪದ್ಧತಿ ಹಾಕಿತು. ಡಾ. ವಿ.ಕೆ.ಆರ್.ವಿ. ರಾವ್ ಅವರು ದೆಹಲಿಯಲ್ಲಿ ಎರಡು ದೊಡ್ಡ ಅರ್ಥಶಾಸ್ತ್ರ ಸಂಸ್ಥೆಗಳನ್ನು ಕಟ್ಟಿದ ಮೇಲೆ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ನಾವೆಲ್ಲ ಐಸೆಕ್ ಎನ್ನುವ ನಾಗರಬಾವಿಯ ಸಂಸ್ಥೆ, ಅರ್ಧ ಶತಮಾನ ದಾಟಿದೆ. ಧಾರವಾಡದಲ್ಲಿ ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರವಿದೆ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ಹಣಕಾಸು ನೀತಿ ಸಂಸ್ಥೆಯಿದೆ, ಸರ್ಕಾರಿ ಯೋಜನೆಗಳು ಎಷ್ಟು ಫಲ ಕೊಟ್ಟವು ಎಂದು ಅಳೆಯಲು 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಇಂಥ ಪ್ರಾಧಿಕಾರವನ್ನು ಕಟ್ಟಿಕೊಂಡ ರಾಜ್ಯಗಳು ದೇಶದಲ್ಲಿ ಹೆಚ್ಚಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು.

ನಮ್ಮಲ್ಲಿ ನಡೆದ ಅತ್ಯಂತ ಪರಿಣಾಮಕಾರಿ ನೀತಿ ಅಧ್ಯಯನ ಯಾವುದು ಎಂದು ಕೇಳಿದರೆ ಉತ್ತರ ಕರ್ನಾಟಕದವರಾದ ನಾವು ಹಿಂದುಮುಂದು ನೋಡದೆ ನಂಜುಂಡಪ್ಪ ವರದಿ ಎನ್ನುತ್ತೇವೆ. 2000ದಲ್ಲಿ ನೇಮಕವಾದ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿಯದು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು; 35 ಸೂಚಕಗಳ ಮೇಲೆ ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಹೇಳಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎಂದು ವಿಂಗಡಿಸಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಬೇಕೆಂಬ ಶಿಫಾರಸಿನ ಮೇಲೆ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅತ್ಯಂತ ಹಿಂದುಳಿದ 39ರಲ್ಲಿ 13 ತಾಲ್ಲೂಕುಗಳು ದಕ್ಷಿಣದ ಬೆಂಗಳೂರು ಮತ್ತು ಮೈಸೂರು ವಿಭಾಗಗಳಲ್ಲೇ ಇದ್ದವು ಎಂಬ ಸಂಗತಿಯನ್ನು ನಮ್ಮ ಕಡೆಯ ಭಾಷಣಕಾರರು ಹೆಚ್ಚಾಗಿ ಹೇಳುವುದಿಲ್ಲ. ಆದರೆ ಆ ವರದಿಯ ಗೌರವ ಇರುವುದೇ ಅಲ್ಲಿ: ಅದು ತನ್ನ ಅಳತೆಗೋಲನ್ನು ಬಿಚ್ಚಿಟ್ಟಿತು, ಅಳತೆ ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ ಹೋಯಿತು. ಲೆಕ್ಕ ಗೊತ್ತಿರುವ ಯಾವ ತಾಲ್ಲೂಕಿನ ಕಾಲೇಜು ಅಧ್ಯಾಪಕರಾದರೂ ತಮ್ಮ ತಾಲ್ಲೂಕಿನ ಅಂಕವನ್ನು ತಾವೇ ಪರೀಕ್ಷಿಸಿ ನೋಡಬಹುದಿತ್ತು. ಇಪ್ಪತ್ತು ವರ್ಷ ಕಳೆದರೂ ಶಾಸಕರು ಸದನದಲ್ಲಿ ಅದನ್ನು ಉಲ್ಲೇಖಿಸುತ್ತಾರೆಂದರೆ ಅದಕ್ಕೆ ಇದೇ ಕಾರಣ.

ಅನಂತರ ಆದದ್ದೇನು? ಸಮಿತಿ ವರದಿ ಕೊಟ್ಟಿತು, ಕಚೇರಿ ಖಾಲಿ ಮಾಡಿತು. ಸಮಿತಿಯ ಸ್ವಭಾವವೇ ಅಷ್ಟು. ಆ ಸೂಚ್ಯಂಕವನ್ನು ಎರಡು-ಮೂರು ವರ್ಷಕ್ಕೊಮ್ಮೆ ಅದೇ ಕ್ರಮದಲ್ಲಿ ಮರುಲೆಕ್ಕ ಹಾಕಿ ಪ್ರಕಟಿಸುವ ಹೊಣೆಯನ್ನು ಹಣ ಮತ್ತು ಸಿಬ್ಬಂದಿ ಸಮೇತ ಒಂದು ಸಂಸ್ಥೆಗೆ ಕಾಯಂ ಆಗಿ ವಹಿಸಿದ್ದರೆ, ಯಾವ ತಾಲ್ಲೂಕು ಯಾವ ವರ್ಷ ಮೇಲೆ ಬಂತು, ಎಲ್ಲಿ ಹಣ ಹರಿದೂ ಏನೂ ಬದಲಾಗಲಿಲ್ಲ, ಶಾಲೆಗೆ ಹಾಕಿದ ರೂಪಾಯಿ ಹೆಚ್ಚು ಫಲ ಕೊಟ್ಟಿತೋ ರಸ್ತೆಗೆ ಹಾಕಿದ್ದೋ ಎಂಬುದಕ್ಕೆ ಇವತ್ತು ನಮ್ಮ ಬಳಿ ಎರಡು ದಶಕಗಳ ಒಂದೇ ಸರಣಿಯ ದಾಖಲೆ ಇರುತ್ತಿತ್ತು. ಅಷ್ಟರಲ್ಲಿ ತಾಲ್ಲೂಕುಗಳ ಸಂಖ್ಯೆ 230 ದಾಟಿತು, ಗಡಿಗಳು ಬದಲಾದವು, ಹಳೆಯ ಅಂಕಗಳನ್ನು ಹೊಸ ತಾಲ್ಲೂಕುಗಳಿಗೆ ಹೊಂದಿಸುವುದೇ ಒಂದು ಪ್ರತ್ಯೇಕ ಕೆಲಸವಾಯಿತು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ಸರ್ಕಾರ ರಚಿಸಿತು. ಸಾರ್ವಜನಿಕ ಹಣಕಾಸಿನಲ್ಲಿ ಅವರಷ್ಟು ಅನುಭವ ಇರುವವರು ಕಡಿಮೆ, ಅವರ ಆಯ್ಕೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಇಪ್ಪತ್ತು ವರ್ಷಕ್ಕೊಮ್ಮೆ ಹೀಗೆ ಬುಡದಿಂದ ಅಳೆಯಲು ಹೊರಡುವ ಪದ್ಧತಿಯ ಬಗ್ಗೆ ಇದೆ.

ಮಾಹಿತಿ ಹಳಸಿಹೋಗುವುದರ ಇನ್ನೊಂದು ಉದಾಹರಣೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. 2015ರಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ ಮಾಡಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ. ಸಚಿವ ಸಂಪುಟದಲ್ಲಿ ಅದರ ಚರ್ಚೆ ಮುಗಿಯುವ ಮೊದಲೇ, ದತ್ತಾಂಶಕ್ಕೆ ಹತ್ತು ವರ್ಷವಾಯಿತೆಂಬ ಕಾರಣಕ್ಕೆ 2025ರ ಜೂನ್‌ನಲ್ಲಿ ಹೊಸ ಸಮೀಕ್ಷೆಯ ತೀರ್ಮಾನವಾಗಿ, ಸೆಪ್ಟೆಂಬರ್‌ನಲ್ಲಿ ಅದೇ ಶಿಕ್ಷಕ ಸಮೂಹ ಮತ್ತೆ ಮನೆಮನೆಗೆ ಹೊರಟಿತು. ಯಾವ ಜಾತಿಯ ಸಂಖ್ಯೆ ಎಷ್ಟು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಆ ಸಮೀಕ್ಷೆಯಲ್ಲಿ ಜಾತಿಯೊಂದೇ ಇರಲಿಲ್ಲ. ಓದು, ಉದ್ಯೋಗ, ಜಮೀನು, ಮನೆ ಎಲ್ಲದರ ಮಾಹಿತಿಯೂ ಇತ್ತು. ಅದನ್ನು 2016ರಲ್ಲೋ 2017ರಲ್ಲೋ ಹೆಸರು-ವಿಳಾಸ ತೆಗೆದು ಸಂಶೋಧಕರ ಕೈಗೆ ಕೊಟ್ಟಿದ್ದರೆ ವಸತಿ, ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳ ಬಗ್ಗೆ ಎಷ್ಟು ಕೆಲಸ ಆಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಸಂಕಟವಾಗುತ್ತದೆ.

ಇನ್ನು ಹಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸಂಸ್ಥೆಗಳ ದೌರ್ಬಲ್ಯದ ಬೇರು ಇಲ್ಲಿದೆ. ಇಲಾಖೆಯೊಂದಕ್ಕೆ ತನ್ನ ಯೋಜನೆಯ ಮೌಲ್ಯಮಾಪನ ಆಗಬೇಕಿದೆ ಎಂದುಕೊಳ್ಳಿ. ಕಾರ್ಯವ್ಯಾಪ್ತಿಯ ಟಿಪ್ಪಣಿ ತಯಾರಾಗುತ್ತದೆ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮದಂತೆ ಟೆಂಡರ್ ಕರೆಯಲಾಗುತ್ತದೆ, ಇಲ್ಲವೇ ಟೆಂಡರ್ ಇಲ್ಲದೆ ಕೆಲಸ ವಹಿಸಲು ಬೇಕಾದ 4(ಜಿ) ವಿನಾಯಿತಿಯ ಕಡತ ಹಣಕಾಸು ಇಲಾಖೆಗೆ ಹೋಗುತ್ತದೆ. ಟೆಂಡರಿನಲ್ಲಿ ತಾಂತ್ರಿಕ ಅರ್ಹತೆಗೆ ಅಂಕ ಇರುತ್ತದೆ ಎನ್ನುವುದು ನಿಜ. ಆದರೂ ಕ್ಷೇತ್ರಕಾರ್ಯವನ್ನು ಗಟ್ಟಿಯಾಗಿ ಮಾಡುವವರು ಹೆಚ್ಚು ದರ ಹಾಕಬೇಕಾಗುತ್ತದೆ, ಮಾದರಿಯನ್ನು, ಅಂದರೆ ಮಾತಾಡಿಸುವ ಮನೆಗಳ ಸಂಖ್ಯೆಯನ್ನು ಕುಗ್ಗಿಸಿ, ನಾಲ್ಕು ದಿನದ ತರಬೇತಿಯನ್ನು ಅರ್ಧ ದಿನಕ್ಕಿಳಿಸಿ ಕಡಿಮೆ ದರ ಹಾಕುವವರು ಅವರನ್ನು ಹಿಂದೆ ಹಾಕುತ್ತಾರೆ. ಆದೇಶ ಬರುವಷ್ಟರಲ್ಲಿ ಆರ್ಥಿಕ ವರ್ಷದ ಅರ್ಧ ಮುಗಿದಿರುತ್ತದೆ, ಮಾರ್ಚ್ ಅಂತ್ಯದೊಳಗೆ ಹಣ ಬಳಕೆ ಪ್ರಮಾಣಪತ್ರ ಬೇಕಿರುತ್ತದೆ. ಪ್ರಶ್ನಾವಳಿಗೆ ಕೂಡಿಸಿಕೊಂಡ ಹುಡುಗ-ಹುಡುಗಿಯರು ಎರಡು ತಿಂಗಳ ದಿನಗೂಲಿಯ ಮೇಲೆ ದುಡಿದು, ಮನೆಯವರು ಹೇಳಿದ್ದಕ್ಕೂ ರೇಷನ್ ಕಾರ್ಡಿನಲ್ಲಿ ಇರುವುದಕ್ಕೂ ವ್ಯತ್ಯಾಸ ಬಂದಾಗ ಏನು ಮಾಡಬೇಕೆಂದು ಕಲಿಯುವ ಹೊತ್ತಿಗೆ ಕೆಲಸ ಮುಗಿದು ಬೇರೆ ಊರಿಗೆ ಹೋಗಿರುತ್ತಾರೆ. ಮುಂದಿನ ಅಧ್ಯಯನಕ್ಕೆ ಮತ್ತೆ ಹೊಸಬರು.

ಇದೆಲ್ಲದರ ಮೇಲೆ ಕೊನೆಯ ಕಂತು. ಒಪ್ಪಂದದ ಮೊತ್ತದ ಗಣನೀಯ ಪಾಲು ಇಲಾಖೆಯು ಅಂತಿಮ ವರದಿಯನ್ನು ಒಪ್ಪಿಕೊಂಡ ಮೇಲೆ ಬಿಡುಗಡೆಯಾಗುತ್ತದೆ. ನಾನು ಹೈದರಾಬಾದ್ ಕರ್ನಾಟಕದ ಎರಡು ಜಿಲ್ಲೆಗಳಲ್ಲಿ ಕ್ಷೇತ್ರಕಾರ್ಯದ ಮೇಲ್ವಿಚಾರಣೆ ನಡೆಸಿದ್ದ ಒಂದು ಅಧ್ಯಯನದಲ್ಲಿ, ಸೌಲಭ್ಯ ತಲುಪಿದ ಕುಟುಂಬಗಳ ಪ್ರಮಾಣ ಇಲಾಖೆಯ ಪ್ರಗತಿ ವರದಿಯಲ್ಲಿದ್ದುದಕ್ಕಿಂತ ಬಹಳ ಕಡಿಮೆ ಬಂದಿತ್ತು. ಕರಡಿನ ಸಭೆಯಲ್ಲಿ ಯಾರೂ ನಮ್ಮ ಲೆಕ್ಕ ತಪ್ಪೆಂದು ಹೇಳಲಿಲ್ಲ. ಆ ಕೋಷ್ಟಕವನ್ನು ಅನುಬಂಧಕ್ಕೆ ಸಾಗಿಸಿ, ಸಾರಾಂಶದಲ್ಲಿ ‘ಇನ್ನಷ್ಟು ಸುಧಾರಣೆಗೆ ಅವಕಾಶವಿದೆ’ ಎಂದು ಬರೆಯಬಹುದಲ್ಲವೇ ಎಂಬ ಸೌಜನ್ಯದ ಸಲಹೆ ಬಂತು, ಅಷ್ಟೇ. ಸಂಸ್ಥೆಯ ಮುಖ್ಯಸ್ಥರು ಒಪ್ಪಿದರು, ಏಕೆಂದರೆ ಆ ಕಂತು ಬಾರದೆ ಆರು ಮಂದಿಗೆ ಸಂಬಳವಿರಲಿಲ್ಲ. ಅವರನ್ನು ನಾನು ದೂರಲಾರೆ; ಆ ಅಧಿಕಾರಿಯನ್ನೂ ಕೆಟ್ಟವರೆನ್ನಲಾರೆ, ಮರುದಿನದ ಪ್ರಗತಿ ಪರಿಶೀಲನಾ ಸಭೆಯಲ್ಲಿ ಉತ್ತರ ಕೊಡಬೇಕಾದವರು ಅವರೇ. ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಬೇರೆ ಏನನ್ನೂ ಮಾಡಲಾಗದಂತೆ ವ್ಯವಸ್ಥೆಯೇ ಕೂಡಿಸಿದೆ.

ಹೀಗಾಗಿ ಮೊದಲ ಕೋರಿಕೆ, ಸಂಸ್ಥೆಗಳಿಗೆ ಅಧ್ಯಯನಕ್ಕೊಂದರಂತೆ ಕೂಲಿ ಕೊಡುವುದನ್ನು ಕಡಿಮೆ ಮಾಡಿ, ಐದು ವರ್ಷಕ್ಕೊಮ್ಮೆ ನಿರ್ಧಾರವಾಗುವ ಮೂಲ ಅನುದಾನ ಕೊಡಬೇಕು ಎಂಬುದು. ಇದು ಹೊಸ ಕಲ್ಪನೆಯಲ್ಲ. 1969ರಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಸ್ಥಾಪನೆಯಾದ ಮೇಲೆ ಹಲವು ರಾಜ್ಯಗಳಲ್ಲಿ ಸಂಶೋಧನಾ ಸಂಸ್ಥೆಗಳು ಬೆಳೆದದ್ದು ಕೇಂದ್ರ ಮತ್ತು ರಾಜ್ಯ ಎರಡೂ ಕಡೆಯಿಂದ ಬರುತ್ತಿದ್ದ ಇಂಥ ಅನುದಾನದ ಮೇಲೆಯೇ. ಐಸೆಕ್‌ಗೆ ರಾಜ್ಯ ಸರ್ಕಾರದ ಅನುದಾನ ಇವತ್ತಿಗೂ ಇದೆ. ಆದರೆ ಬೆಂಗಳೂರಿನ ಒಂದು ಸಂಸ್ಥೆಯಿಂದ ಏಳು ಕೋಟಿಗೆ ಸಮೀಪದ ಜನಸಂಖ್ಯೆಯ ರಾಜ್ಯಕ್ಕೆ ಬೇಕಾದಷ್ಟು ಅಧ್ಯಯನ ನಡೆಯಲಾರದು. ಕಲಬುರಗಿ, ಧಾರವಾಡ, ಶಿವಮೊಗ್ಗ, ಮಂಗಳೂರು, ಮೈಸೂರುಗಳಲ್ಲಿ ಆಯಾ ಪ್ರದೇಶವನ್ನು ಹತ್ತಾರು ವರ್ಷ ಬಿಡದೆ ನೋಡುವ ತಂಡಗಳು ಬೇಕು. ವಿದೇಶಿ ದಾನಿಗಳನ್ನು ನಂಬಿ ಇದು ನಡೆಯುವುದಿಲ್ಲ. ದೇಶದ ಹೆಸರಾಂತ ನೀತಿ ಸಂಶೋಧನಾ ಸಂಸ್ಥೆಯಾದ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ವಿದೇಶಿ ದೇಣಿಗೆ ಪರವಾನಗಿ 2023ರಲ್ಲಿ ಅಮಾನತಾಗಿ 2024ರಲ್ಲಿ ರದ್ದಾದಾಗ ಅದರ ಸಂಶೋಧಕರಲ್ಲಿ ಬಹುಪಾಲು ಮಂದಿ ಚದುರಿಹೋದದ್ದನ್ನು ನಾವು ನೋಡಿದ್ದೇವೆ.

ಎಷ್ಟು ಹಣ ಬೇಕು? ಐದು ಗ್ಯಾರಂಟಿಗಳಿಗೆ ಸರ್ಕಾರ ವರ್ಷಕ್ಕೆ 50,000 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚ ಮಾಡುತ್ತಿದೆ. ಅದರ ಸಾವಿರದಲ್ಲಿ ಒಂದು ಪಾಲು ಎಂದರೆ 50 ಕೋಟಿ. ಅಷ್ಟನ್ನು ಯಾವ ಒಂದು ಇಲಾಖೆಗೂ ಸೇರದ ಸಂಶೋಧನಾ ನಿಧಿಯಾಗಿ ಪ್ರತ್ಯೇಕಿಸಿ, ಅದರ ಹಂಚಿಕೆಯನ್ನು ರಾಜ್ಯದ ಒಳಗಿನ ಮತ್ತು ಹೊರಗಿನ ವಿದ್ವಾಂಸರಿರುವ ಒಂದು ಮಂಡಳಿಗೆ ಬಿಟ್ಟರೆ ಈಗಿನ ಚಿತ್ರ ಸಾಕಷ್ಟು ಬದಲಾಗುತ್ತದೆ. ಕೊಟ್ಟ ಹಣಕ್ಕೆ ಲೆಕ್ಕ ಕೇಳಬಾರದೆಂದು ನಾನು ಹೇಳುತ್ತಿಲ್ಲ. ಐದು ವರ್ಷಕ್ಕೊಮ್ಮೆ ಹೊರಗಿನವರಿಂದ ಕಟ್ಟುನಿಟ್ಟಿನ ಪರಿಶೀಲನೆ ನಡೆಯಲಿ, ಕೆಲಸ ಮಾಡದ ಸಂಸ್ಥೆಯ ಅನುದಾನ ನಿಲ್ಲಲಿ. ಆದರೆ ಆ ಐದು ವರ್ಷದ ನಡುವೆ ಯಾವುದೋ ಕೋಷ್ಟಕ ಯಾರಿಗೋ ಹಿಡಿಸಲಿಲ್ಲವೆಂದು ಕಂತು ನಿಲ್ಲಬಾರದು.

ಸಂಶೋಧನೆಗೆ ಬೇಕಾದ ಕಾಲದ ಬಗ್ಗೆ ಒಂದು ಮಾತು. ನಮ್ಮ ರಾಗಿ ಬೆಳೆಗಾರರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿದ್ದು ವರ್ಷಗಟ್ಟಲೆಯ ಕೆಲಸದಿಂದ. ಅವರಿಗೆ ಯಾರೂ ಒಂಬತ್ತು ತಿಂಗಳ ಟೆಂಡರ್ ಕೊಟ್ಟಿರಲಿಲ್ಲ. ಬೆಳೆಯ ವಿಷಯದಲ್ಲಿ ನಾವು ಒಪ್ಪುವ ತಾಳ್ಮೆಯನ್ನು ಬಡತನ, ಶಿಕ್ಷಣ, ಆರೋಗ್ಯಗಳ ವಿಷಯದಲ್ಲಿ ಒಪ್ಪುತ್ತಿಲ್ಲ.

ಸರ್ಕಾರ ಕಾಯುತ್ತ ಕೂರಲಾಗದು ಎಂಬ ಮಾತೂ ನ್ಯಾಯವಾದದ್ದೇ. 2023ರ ಮೇ 20ರಂದು ಪ್ರಮಾಣವಚನ ಸ್ವೀಕರಿಸಿದ ಸರ್ಕಾರ ಜೂನ್ 11ರಂದು ಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. ಜನರಿಗೆ ಕೊಟ್ಟ ಮಾತನ್ನು ಮೂರು ವಾರದಲ್ಲಿ ಉಳಿಸಿಕೊಂಡದ್ದು ರಾಜಕೀಯವಾಗಿ ಸರಿ. ಆದರೆ ಬಸ್ಸಿನ ಟಿಕೆಟ್ ಉಚಿತವಾಗುವ ಮುನ್ನ ರಾಯಚೂರಿನ ಹಳ್ಳಿಯ ಹೆಣ್ಣುಮಗಳು ತಿಂಗಳಿಗೆ ಎಷ್ಟು ಸಲ ಊರು ಬಿಟ್ಟು ಹೊರಗೆ ಹೋಗುತ್ತಿದ್ದಳು, ಕೆಲಸಕ್ಕೆಂದು ಎಷ್ಟು ದೂರ ಹೋಗುತ್ತಿದ್ದಳು ಎಂಬುದನ್ನು ತಿಳಿಯಲು ಮೂರು ವಾರ ಸಾಲದು. ಪ್ರತಿ ಆರು ತಿಂಗಳಿಗೊಮ್ಮೆ ಅವೇ ಕೆಲವು ಸಾವಿರ ಕುಟುಂಬಗಳ ಬಳಿಗೆ ಹೋಗುವ ಒಂದು ಸ್ಥಿರ ಸಮೀಕ್ಷಾ ತಂಡ ಮೊದಲೇ ಇದ್ದಿದ್ದರೆ ಯೋಜನೆ ಒಂದು ದಿನವೂ ತಡವಾಗುತ್ತಿರಲಿಲ್ಲ, ಹೋಲಿಸಲು ಹಿಂದಿನ ಸುತ್ತಿನ ಉತ್ತರಗಳೂ ಸಿದ್ಧವಿರುತ್ತಿದ್ದವು. ಈಗ ‘ಯೋಜನೆಗೆ ಮೊದಲು ಎಷ್ಟು ಸಲ ಹೋಗುತ್ತಿದ್ದಿರಿ’ ಎಂದು ನೆನಪನ್ನು ಕೇಳಬೇಕು, ನೆನಪಿನ ಉತ್ತರಕ್ಕೆ ವಿರೋಧ ಪಕ್ಷದವರು ಬೆಲೆ ಕೊಡುವುದಿಲ್ಲ, ಕೊಡಬೇಕೆಂದು ಒತ್ತಾಯಿಸುವಂತೆಯೂ ಇಲ್ಲ.

ಸ್ಥಿರವಾದ ಸಂಸ್ಥೆ ರಾಜ್ಯಕ್ಕೆ ಏನು ಕೊಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟು, ದಿನದಿನದ ಲೆಕ್ಕವನ್ನು ಬಿಡದೆ ಬರೆದಿಟ್ಟು, ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತ ಬಂದಿದೆ. 2023ರ ಮುಂಗಾರು ಕೈಕೊಟ್ಟಾಗ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿ, ಪರಿಹಾರಕ್ಕಾಗಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ರಾಜ್ಯಕ್ಕೆ ಈ ದಾಖಲೆಗಳು ಬೆನ್ನಿಗಿದ್ದವು. ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ, ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಆ ವ್ಯತ್ಯಾಸದ ವಾದ ಬೇರೆ. ಆದರೆ ಮಳೆ ಬಂದಿಲ್ಲ ಎಂಬುದನ್ನು ಯಾರೂ ಅಲ್ಲಗಳೆಯಲಾಗಲಿಲ್ಲ. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ, ರಾಜ್ಯಗಳಿಗೆ ಹಂಚುವ ಕೇಂದ್ರದ ತೆರಿಗೆಯಲ್ಲಿನ ನಮ್ಮ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿದಾಗಲೂ ಇಷ್ಟೇ ಗಟ್ಟಿಯಾದ, ವರ್ಷಗಳಿಂದ ಕೂಡಿಟ್ಟ ಅಧ್ಯಯನಗಳು ನಮ್ಮ ಕೈಯಲ್ಲಿ ಇರಬೇಕಿತ್ತು.

ಕೇಂದ್ರದ ಅಂಕಿಅಂಶಗಳನ್ನೇ ನೆಚ್ಚಿಕೊಂಡರೆ ಸಾಲದು ಎಂಬುದನ್ನೂ ಕಳೆದ ಕೆಲವು ವರ್ಷಗಳು ತೋರಿಸಿವೆ. ಉದ್ಯೋಗ ಸಮೀಕ್ಷೆಯ ವರದಿಯನ್ನು ತಡೆಹಿಡಿದ ಹಿನ್ನೆಲೆಯಲ್ಲಿ 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು; ಅದೇ ವರ್ಷದ ನವೆಂಬರ್‌ನಲ್ಲಿ 2017-18ರ ಗೃಹ ಬಳಕೆ ವೆಚ್ಚದ ಸಮೀಕ್ಷೆಯನ್ನು ಪ್ರಕಟಿಸುವುದಿಲ್ಲ ಎಂದು ಕೇಂದ್ರ ಹೇಳಿತು, ಹೀಗಾಗಿ 2011-12ರ ನಂತರದ ಅಧಿಕೃತ ಬಳಕೆ ಅಂಕಿಅಂಶಕ್ಕೆ 2024ರವರೆಗೆ ಕಾಯಬೇಕಾಯಿತು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಆಗ ನಮ್ಮ ರಾಜ್ಯದ ನಾಯಕರು ಪಕ್ಷಭೇದ ಬಿಟ್ಟು ಅಲ್ಲದಿದ್ದರೂ ಸಾಕಷ್ಟು ಜೋರಾಗಿ ಇದನ್ನು ಟೀಕಿಸಿದರು. ಆ ಟೀಕೆಗೆ ತೂಕ ಬರಬೇಕಾದರೆ ರಾಜ್ಯದ ಮನೆ ಮೊದಲು ಸರಿಯಾಗಿರಬೇಕು.

ಇಲ್ಲಿಂದ ಎರಡನೆಯ ಕೋರಿಕೆ ಹುಟ್ಟುತ್ತದೆ: ಪ್ರಕಟಣೆ ಇಲಾಖೆಯ ಇಚ್ಛೆಗೆ ಬಿಟ್ಟದ್ದಾಗಬಾರದು. ಮೌಲ್ಯಮಾಪನ ಪ್ರಾಧಿಕಾರವು ತನ್ನ ವರದಿಗಳನ್ನು ಜಾಲತಾಣದಲ್ಲಿ ಹಾಕುತ್ತದೆ, ಅದು ಶ್ಲಾಘನೀಯ. ಆದರೆ ಇಲಾಖೆಗಳು, ನಿಗಮಗಳು, ಮಂಡಳಿಗಳು ನೇರವಾಗಿ ಮಾಡಿಸುವ ಅಧ್ಯಯನಗಳಿಗೆ ಈ ಕಟ್ಟುಪಾಡಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹ ಬರುತ್ತದೆ. ಮುಖ್ಯ ನೀತಿಗಳನ್ನು ರೂಪಿಸುವಾಗ ಅದಕ್ಕೆ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಯಾರೂ ಕೇಳದಿದ್ದರೂ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಮಹಾಲೇಖಪಾಲರ ವರದಿ ಸರ್ಕಾರಕ್ಕೆ ಎಷ್ಟು ಕಹಿಯಾಗಿದ್ದರೂ ಸದನದ ಮುಂದೆ ಬರುತ್ತದೆ, ಏಕೆಂದರೆ ಸಂವಿಧಾನದ 151ನೇ ವಿಧಿ ಅದನ್ನು ಯಾರ ಕೃಪೆಗೂ ಬಿಟ್ಟಿಲ್ಲ. ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆದು ಉತ್ತರ ಕೇಳುತ್ತದೆ. ಸಾರ್ವಜನಿಕ ಹಣದಲ್ಲಿ ನಡೆದ ಅಧ್ಯಯನಕ್ಕೂ ಅಂಥ ಒಂದು ದಾರಿ ಬೇಕು. ಅಂತಿಮ ವರದಿ ಸಲ್ಲಿಕೆಯಾದ 90 ದಿನಗಳೊಳಗೆ ಅದು ಪ್ರಕಟವಾಗಲಿ. ಇಲಾಖೆಗೆ ಒಪ್ಪಿಗೆಯಿಲ್ಲದಿದ್ದರೆ ಏಕಿಲ್ಲ ಎಂದು ಲಿಖಿತವಾಗಿ ಹೇಳಲಿ, ಅದೂ ವರದಿಯ ಜೊತೆಗೇ ಅಚ್ಚಾಗಲಿ. ಇಲಾಖೆ ಹೇಳುವುದೇ ಸರಿಯಾಗಿರುವ ಸಂದರ್ಭಗಳೂ ಇರುತ್ತವೆ, ಸಂಶೋಧಕರು ಕ್ಷೇತ್ರವನ್ನು ತಪ್ಪಾಗಿ ಓದುವುದುಂಟು.

ದತ್ತಾಂಶದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಮೀನು ದಾಖಲೆಗಳ ‘ಭೂಮಿ’, ಮನೆಮಂದಿಯ ವಿವರಗಳ ‘ಕುಟುಂಬ’, ರೈತರ ನೋಂದಣಿಯ ‘ಫ್ರೂಟ್ಸ್’, ಶಾಲಾ ಮಕ್ಕಳ ‘ಎಸ್‌ಎಟಿಎಸ್’ ಹೀಗೆ ರಾಜ್ಯದ ಗಣಕ ಕಣಜಗಳಲ್ಲಿ ಮಾಹಿತಿ ತುಂಬಿದೆ, ಸಂಶೋಧಕರಿಗೆ ಅದರ ಬಾಗಿಲು ಪರಿಚಯದ ಬಲದ ಮೇಲೆ ತೆರೆಯುತ್ತದೆ. ಖಾಸಗಿತನದ ಆತಂಕ ನಿಜವಾದದ್ದೇ. ಆದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ ಷರತ್ತುಬದ್ಧ ವಿನಾಯಿತಿ ಇದೆ. ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಒಂದು ಸುರಕ್ಷಿತ ಕೊಠಡಿ ಮಾಡಿ, ಹೆಸರು ಮತ್ತು ಗುರುತಿನ ಸಂಖ್ಯೆಗಳನ್ನು ತೆಗೆದ ದತ್ತಾಂಶವನ್ನು ಅಲ್ಲಿಯೇ ಕುಳಿತು ಬಳಸಲು ನೋಂದಾಯಿತ ಸಂಶೋಧಕರಿಗೆ ಅನುಮತಿ ಕೊಟ್ಟರೆ ಸಾಕು.

ನಮ್ಮ ಕಡೆಯ ದೋಷಗಳನ್ನು ಮುಚ್ಚಿಟ್ಟು ಸರ್ಕಾರವೊಂದನ್ನೇ ದೂರುವುದು ಸರಿಯಲ್ಲ. ಸಂಶೋಧಕ ವರ್ಗ ಬಡ್ತಿಯ ಅಂಕಗಳಿಗಾಗಿ ಯಾರೂ ಓದದ ಇಂಗ್ಲಿಷ್ ಪತ್ರಿಕೆಗಳಲ್ಲಿ ಲೇಖನ ಹಾಕುವುದರಲ್ಲಿ ಮುಳುಗಿದೆ. ಕೊಪ್ಪಳದ ರೈತ ಮಹಿಳೆಯನ್ನು ಒಂದೂವರೆ ಗಂಟೆ ಕೂರಿಸಿಕೊಂಡು ಕನ್ನಡದಲ್ಲಿ ಪ್ರಶ್ನೆ ಕೇಳುತ್ತೇವೆ, ಅವಳ ಉತ್ತರದಿಂದ ಹುಟ್ಟಿದ ವರದಿಯನ್ನು ಅವಳ ಗ್ರಾಮ ಪಂಚಾಯಿತಿ ಸದಸ್ಯರಾಗಲಿ, ತಾಲ್ಲೂಕಿನ ವರದಿಗಾರರಾಗಲಿ, ಎಷ್ಟೋ ಸಲ ಕ್ಷೇತ್ರದ ಶಾಸಕರಾಗಲಿ ಓದಲಾಗದ ಭಾಷೆಯಲ್ಲಿ ಬರೆಯುತ್ತೇವೆ. ಪ್ರತಿ ವರದಿಗೂ ಕನ್ನಡದಲ್ಲಿ ಇಪ್ಪತ್ತು-ಮೂವತ್ತು ಪುಟದ, ಕೋಷ್ಟಕ ಸಹಿತವಾದ ಸಾರಾಂಶ ಕಡ್ಡಾಯವಾಗಬೇಕು, ಅದನ್ನು ಸಂಶೋಧಕರೇ ಬರೆಯಬೇಕು. ಇದಕ್ಕೆ ಬೇಕಾದ ಜನ ತಯಾರಾಗಬೇಕಾದ ವಿಶ್ವವಿದ್ಯಾಲಯಗಳ ಸ್ಥಿತಿ ತಮಗೆ ತಿಳಿದಿದೆ: ಅಧ್ಯಾಪಕ ಹುದ್ದೆಗಳ ದೊಡ್ಡ ಪಾಲು ಖಾಲಿ, ಪಾಠವೆಲ್ಲ ಅತಿಥಿ ಉಪನ್ಯಾಸಕರ ಹೆಗಲ ಮೇಲೆ, ಕೆಲವೇ ವರ್ಷ ಹಿಂದೆ ತೆರೆದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತು 2025ರಲ್ಲಿ ಸಂಪುಟ ಉಪಸಮಿತಿಯಲ್ಲೇ ಬಂತು. ಹತ್ತು ತಿಂಗಳ ಗೌರವಧನದ ಮೇಲೆ ದುಡಿಯುವವರಿಂದ ಹತ್ತು ವರ್ಷದ ಸಂಶೋಧನೆಯನ್ನು ನಿರೀಕ್ಷಿಸಲಾಗದು.

ಸಂಶೋಧನಾ ನಿಧಿಗೂ ಪ್ರಕಟಣೆಯ ಕಾಯ್ದೆಗೂ ಸಮಯ ಹಿಡಿಯುತ್ತದೆ ಎಂಬುದು ನನಗೆ ಗೊತ್ತು. ಅಷ್ಟರೊಳಗೆ ತಮ್ಮ ಸಹಿಯ ಒಂದು ಸುತ್ತೋಲೆಯಿಂದಲೇ ಆಗಬಹುದಾದ ಕೆಲಸವೊಂದಿದೆ. 2015ರಿಂದ ಈಚೆಗೆ ರಾಜ್ಯದ ಪ್ರತಿ ಇಲಾಖೆ, ನಿಗಮ, ಮಂಡಳಿಗಳು ಹೊರಗಿನ ಸಂಸ್ಥೆಗಳಿಂದ ಯಾವ ಯಾವ ಅಧ್ಯಯನ ಮಾಡಿಸಿದವು, ಯಾವುದಕ್ಕೆ ಎಷ್ಟು ಹಣ ಕೊಟ್ಟವು, ವರದಿ ಯಾವ ತಾರೀಖಿಗೆ ಬಂತು, ಪ್ರಕಟವಾಯಿತೇ, ಶಿಫಾರಸುಗಳ ಮೇಲೆ ಏನು ಕ್ರಮವಾಯಿತು ಎಂಬ ಐದು ಅಂಕಣಗಳ ಪಟ್ಟಿಯನ್ನು ಯೋಜನೆ, ಕಾರ್ಯಕ್ರಮ ಸಂಯೋಜನೆ ಮತ್ತು ಸಾಂಖ್ಯಿಕ ಇಲಾಖೆಯ ಮೂಲಕ ತರಿಸಿ, ಮುಂದಿನ ಬಜೆಟ್ ಅಧಿವೇಶನದಲ್ಲಿ ಆರ್ಥಿಕ ಸಮೀಕ್ಷೆಯ ಜೊತೆಗೆ ಸದನದಲ್ಲಿ ಮಂಡಿಸಬೇಕೆಂದು ಕೋರುತ್ತೇನೆ. ಪಟ್ಟಿ ತಯಾರಿಸುವಾಗ ಯಾವುದಾದರೂ ವರದಿ ಕಚೇರಿಯಲ್ಲಿ ಸಿಗದೆ ಹೋದರೆ ‘ಲಭ್ಯವಿಲ್ಲ’ ಎಂದೇ ಬರೆಯಲಿ; ಅವುಗಳಲ್ಲಿ ಕೆಲವಾದರೂ ಕ್ಷೇತ್ರಕಾರ್ಯ ಮಾಡಿದವರ ಬಳಿ ಉಳಿದಿರುತ್ತವೆ, ಕೇಳಿದರೆ ಪ್ರತಿ ಒದಗಿಸಲು ನಮ್ಮಲ್ಲಿ ಹಲವರು ಸಿದ್ಧರಿದ್ದೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ,
ಧಾರವಾಡ